ಏರುವ ನೀರೇ ಗಡುವು: ಬಾಸ್ ಕಾಳಗವೊಂದರ ವಿನ್ಯಾಸ

ಹಲವರು ಒಟ್ಟಾಗಿ ಆಡುವ ಆನ್‌ಲೈನ್ ಆಟಕ್ಕೆ ಬಾಸ್ (ತಂಡವೆಲ್ಲ ಸೇರಿ ಸೋಲಿಸಬೇಕಾದ ದೊಡ್ಡ ಎದುರಾಳಿ) ಕಾಳಗವನ್ನು ರೂಪಿಸುವಾಗ ನಾವು ಮೊದಲು ರಾಕ್ಷಸನನ್ನು ಕಲ್ಪಿಸಿ, ಅವನು ನಿಲ್ಲುವ ಜಾಗವನ್ನು ಕೊನೆಗೆ ಯೋಚಿಸುತ್ತೇವೆ. ಈ ಟಿಪ್ಪಣಿಯಲ್ಲಿ ಜಾಗದಿಂದಲೇ ಆರಂಭಿಸಿದ್ದೇನೆ.

ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದ ಚರ್ಚೊಂದು ಹೇಮಾವತಿಯ ಹಿನ್ನೀರಿನಲ್ಲಿ ಪಾಳುಬಿದ್ದು ನಿಂತಿದೆ. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅದರ ಬಹುಭಾಗ ಮುಳುಗುತ್ತದೆ; ಬೇಸಿಗೆಯಲ್ಲಿ ಕಮಾನುಗಳ ಕೆಳಗೆ ನಡೆದಾಡಬಹುದು. ಒಂದೇ ಕಟ್ಟಡವು ನೀರಿನ ಮಟ್ಟಕ್ಕೆ ತಕ್ಕಂತೆ ಎರಡು ಬೇರೆ ಜಾಗಗಳಾಗುತ್ತದೆ. ಕಾಳಗಕ್ಕೆ ಬೇಕಾದ ಬೀಜ ಇಲ್ಲಿದೆ.

ನಮ್ಮ ಬಾಸ್ ಮುಳುಗಿದ ಮಂಟಪದಲ್ಲಿ ವಾಸಿಸುವ ಬೃಹತ್ ಆಮೆ. ಕಾಳಗ ಶುರುವಾದೊಡನೆ ನೀರು ಏರತೊಡಗುತ್ತದೆ. ಏರಿದಷ್ಟೂ ಆಮೆ ಚುರುಕಾಗುತ್ತದೆ, ಆಟಗಾರರು ನಿಧಾನವಾಗುತ್ತಾರೆ. ಅನೇಕ ಆಟಗಳಲ್ಲಿ ನಿಗದಿತ ಸಮಯ ಮೀರಿದರೆ ಬಾಸ್ ಕೆರಳಿ ಎಲ್ಲರನ್ನೂ ಕೊಲ್ಲುತ್ತದೆ. ಆ ಗಡುವು ತೆರೆಯ ಮೂಲೆಯ ಅಂಕಿಯಾಗಿರುವುದಕ್ಕಿಂತ, ಕಂಬದ ಮೇಲೆ ಏರುವ ತೇವದ ಗೆರೆಯಾಗಿದ್ದರೆ ಆಟಗಾರರು ಅದನ್ನು ಕಣ್ಣಾರೆ ಕಂಡು ಲೆಕ್ಕ ಹಾಕುತ್ತಾರೆ. ಮಂಟಪದ ಎರಡು ಬದಿಯಲ್ಲಿ ತೂಬುಗಳಿವೆ. ಇಬ್ಬರು ಒಟ್ಟಿಗೆ ಎತ್ತಿದರೆ ನೀರು ಇಳಿಯುತ್ತದೆ, ಆಮೆಯ ಮೆತ್ತನೆಯ ಹೊಟ್ಟೆ ಪೆಟ್ಟಿಗೆ ಸಿಗುತ್ತದೆ. ಆದರೆ ಸೆಳವು ಹತ್ತಿರದಲ್ಲಿದ್ದವರನ್ನು ತೂಬಿನ ಬಾಯಿಗೆ ಎಳೆಯುತ್ತದೆ. ತೂಬುಗಳನ್ನು ಮೂರು ಸಲ ಮಾತ್ರ ಎತ್ತಬಹುದು. ಯಾವಾಗ ಎತ್ತಬೇಕೆಂಬ ತೀರ್ಮಾನವನ್ನು ತಂಡಕ್ಕೇ ಬಿಟ್ಟಿರುವುದು ಈ ವಿನ್ಯಾಸದ ಜೀವಾಳ, ಏಕೆಂದರೆ ಬಾಸ್‌ನ ಪಟ್ಟುಗಳನ್ನು ಬಾಯಿಪಾಠ ಮಾಡಿದ ತಂಡವೂ ಆ ಕ್ಷಣದಲ್ಲಿ ಮಾತಾಡಿಕೊಳ್ಳಲೇಬೇಕಾಗುತ್ತದೆ.

ಇನ್ನು ಲೆಕ್ಕ. ತಂಡದಲ್ಲಿ ಪೆಟ್ಟು ಕೊಡುವವರು 10 ಜನ, ಒಬ್ಬೊಬ್ಬರ ಪೆಟ್ಟು ಸೆಕೆಂಡಿಗೆ 500 ಅಂಕ, ಕಾಳಗ 6 ನಿಮಿಷದ್ದು ಎಂದಿಟ್ಟುಕೊಂಡರೆ ಒಟ್ಟು 18 ಲಕ್ಷವಾಗುತ್ತದೆ. ಆದರೆ ಓಡುವುದರಲ್ಲಿ, ತೂಬು ಎತ್ತುವುದರಲ್ಲಿ ಸಮಯ ಹೋಗುವುದರಿಂದ ಶೇ 70ರಷ್ಟನ್ನು ಹಿಡಿದು, ಆಮೆಗೆ 12.6 ಲಕ್ಷ ಹೆಲ್ತ್ (ಪೆಟ್ಟು ತಾಳುವ ಶಕ್ತಿ) ಕೊಡಬೇಕು. ಎಚ್ಚರಿಕೆಯ ಸೂಚನೆಗೂ ಇಂಥ ಉದಾರತೆ ಬೇಕು. ಆಮೆ ತಲೆ ಒಳಗೆಳೆದುಕೊಂಡರೆ ಮುಂದಿನ ಅಲೆ ಬರಲಿದೆ ಎಂದರ್ಥ. ಕಂಡು, ಬೆರಳಾಡಿಸಿ, ಆ ಒತ್ತು ಸರ್ವರ್ ತಲುಪುವವರೆಗೆ ಹೊತ್ತಾಗುತ್ತದೆ. ಮಲೆನಾಡಿನ ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ನಂಬಿ ಆಡುವವರನ್ನೂ ನೆನೆದು 2 ಸೆಕೆಂಡ್ ಬಿಡುವುದು ನ್ಯಾಯ.

ಪರಿಣಾಮಗಳು ಕಾಳಗದ ಆವರಣ ದಾಟಬಾರದು. 2005ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಹಕ್ಕಾರ್ ಎಂಬ ಬಾಸ್ ಅಂಟಿಸುತ್ತಿದ್ದ ರಕ್ತದ ಸೋಂಕು ಆಟಗಾರರ ಆಟದೊಳಗಿನ ಸಾಕುಪ್ರಾಣಿಗಳ ಮೂಲಕ ಹೊರಬಿದ್ದು, ಆಟದ ನಗರಗಳಲ್ಲಿ ಹರಡಿತು. ಸಾಂಕ್ರಾಮಿಕ ರೋಗಗಳ ಅಧ್ಯಯನಕಾರರೂ ಅದನ್ನು ಗಮನಿಸಿದರು. ಆದ್ದರಿಂದ ನಮ್ಮ ನೀರಿನ ಒದ್ದೆಯೂ ಬಾಗಿಲು ದಾಟಿದೊಡನೆ, ಸಾಕುಪ್ರಾಣಿಗಳ ಮೈಯಿಂದಲೂ, ಅಳಿಯಬೇಕು.

ಕೋಡ್ ಬರೆಯುವ ಮೊದಲು ಹಾಳೆಯ ಮೇಲೆ ಮಂಟಪ ಬರೆದು, ಆಟಗಾರರ ಬದಲು ಕಾಫಿ ಬೀಜಗಳನ್ನಿಟ್ಟು, ನೀರಿನ ಮಟ್ಟಕ್ಕೆ ಸ್ಕೇಲನ್ನು ಸರಿಸುತ್ತ ಆಡಿ ನೋಡಿದೆ. ಮೂರನೆಯ ಸುತ್ತಿನಲ್ಲಿ ಉಳಿದವರ ಗಾಯ ಮಾಯಿಸುವ ಹೀಲರ್‌ನ ಬೀಜ ಕದಲಲೇ ಇಲ್ಲ. ಹಾಗಾಗಿ ಒಂದು ತೂಬಿನ ಹಿಡಿಯನ್ನು ಹೀಲರ್ ಮಾತ್ರ ಎತ್ತಬಲ್ಲನೆಂದು ಬದಲಾಯಿಸಿದೆ. ಅವನು ಅಲ್ಲಿಗೆ ಹೋದಷ್ಟು ಹೊತ್ತು ಉಳಿದವರು ಗಾಯ ಮಾಯದೆಯೇ ತಾಳಿಕೊಳ್ಳಬೇಕು.