ಗುಲಾಬಿ ಬುಡದ ಗಂಟಿನಿಂದ ಬಿಟಿ ಬದನೆಯವರೆಗೆ

ಮಳೆಗಾಲ ಮುಗಿದ ಮೇಲೆ ಶಿರಸಿಯ ನಮ್ಮ ಅಂಗಳದ ಗುಲಾಬಿ ಗಿಡ ಯಾಕೋ ಸೊರಗಿತು. ಬುಡ ಕೆದಕಿ ನೋಡಿದರೆ ನಿಂಬೆಹಣ್ಣಿನಷ್ಟು ದಪ್ಪದ ಒರಟು ಗಂಟು. "ಹುಳದ್ದೇ ಕೆಲಸ" ಅಂದರು ಆಯಿ. ಅಲ್ಲ. ಕಾಳುಮೆಣಸಿನ ಬೇರಿಗೆ ಬರುವ ಜಂತುಹುಳದ ಗಂಟು ಸಣ್ಣದು, ಬೇರಿನುದ್ದಕ್ಕೂ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಇದು ಕಸಿ ಕಟ್ಟಿದ ಜಾಗದಲ್ಲೇ ಉಬ್ಬಿತ್ತು. ಅಗ್ರೋಬ್ಯಾಕ್ಟೀರಿಯಂ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದ ಕೆಲಸ.

1897ರಲ್ಲಿ ಇಟಲಿಯ ಕವಾರಾ ದ್ರಾಕ್ಷಿಯ ಗಂಟಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದರು. 1907ರಲ್ಲಿ ಅಮೆರಿಕದ ಸ್ಮಿತ್ ಮತ್ತು ಟೌನ್‌ಸೆಂಡ್, ಡೇಸಿ ಗಿಡದ ಗಂಟಿಗೂ ಬ್ಯಾಕ್ಟೀರಿಯಾವೇ ಕಾರಣ ಎಂದು ತೋರಿಸಿದರು. ಸರಿ, ಕಳ್ಳ ಸಿಕ್ಕಿದ. ಆದರೆ ಕದ್ದದ್ದು ಹೇಗೆ?

1940ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಆರ್ಮಿನ್ ಬ್ರೌನ್ ಇದನ್ನು ಪತ್ತೆ ಮಾಡೋಕೆ ಹಿಡಿದ ಗಿಡ ಯಾವುದು ಗೊತ್ತಾ? ನಮ್ಮ ನಿತ್ಯಪುಷ್ಪ! ಕಾರವಾರದ ಕಡೆ ಮರಳು ನೆಲದಲ್ಲೂ ಸುಮ್ನೆ ಅರಳಿಕೊಂಡಿರುತ್ತದಲ್ಲ, ಅದೇ. ಆ ಗಿಡ ಸೆಖೆ ತಾಳುತ್ತದೆ, ಬ್ಯಾಕ್ಟೀರಿಯಾಕ್ಕೆ ಆ ಸೆಖೆ ತಾಳಲು ಆಗುವುದಿಲ್ಲ. ಗಾಯ ಮಾಡಿ, ಬ್ಯಾಕ್ಟೀರಿಯಾ ಹಚ್ಚಿ, ಆಮೇಲೆ ಗಿಡವನ್ನು ಸುಮಾರು 46 ಡಿಗ್ರಿ ಬಿಸಿಯಲ್ಲಿ ಕೆಲವು ದಿನ ಇಟ್ಟರು. ಬ್ಯಾಕ್ಟೀರಿಯಾ ಎಲ್ಲ ಸತ್ತಿತು, ಗಂಟು ಮಾತ್ರ ಬೆಳೆಯುತ್ತಲೇ ಹೋಯಿತು. ಅಂದರೆ ಸಾಯುವ ಮೊದಲೇ ಅದು ಗಿಡದೊಳಗೆ ಏನೋ ಬಿಟ್ಟಿದೆ.

ಆ 'ಏನೋ' ಸಿಗೋಕೆ ಮತ್ತೆ ಸುಮಾರು 30 ವರ್ಷ ಬೇಕಾಯಿತು. 1974ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಶೆಲ್, ವಾನ್ ಮೊಂಟಾಗು ಮತ್ತು ಜೊತೆಗಾರರು ರೋಗ ತರುವ ಬ್ಯಾಕ್ಟೀರಿಯಾದೊಳಗೆ ಉಂಗುರದಂಥ ದೊಡ್ಡ ಡಿಎನ್‌ಎ ಕಂಡರು. ಆ ಡಿಎನ್‌ಎಯ ಒಂದು ತುಂಡು ಗಿಡದ ಕೋಶದಲ್ಲೇ ಇದೆ ಎಂದು 1977ರಲ್ಲಿ ತೋರಿಸಿದ್ದು ಸಿಯಾಟಲ್‌ನ ಮೇರಿ-ಡೆಲ್ ಚಿಲ್ಟನ್ ಅವರ ತಂಡ. ಮೊದಲು ಇದನ್ನೆಲ್ಲ ಅವರೇ ನಂಬಿರಲಿಲ್ಲ!

ಗಿಡಕ್ಕೆ ಗಾಯವಾದಾಗ ಒಸರುವ ರಸದ ವಾಸನೆ ಹಿಡಿದು ಬ್ಯಾಕ್ಟೀರಿಯಾ ಬರುತ್ತದೆ, ತನ್ನ ಡಿಎನ್‌ಎ ತುಂಡೊಂದನ್ನು ಕತ್ತರಿಸಿ ಕೋಶದೊಳಗೆ ಕಳಿಸುತ್ತದೆ, ಅದು ಹೋಗಿ ಗಿಡದ ಡಿಎನ್‌ಎಗೇ ಸೇರಿಕೊಳ್ಳುತ್ತದೆ. ಆ ತುಂಡಿನ ಕೆಲವು ಜೀನ್‌ಗಳು ಬೆಳವಣಿಗೆಯ ಹಾರ್ಮೋನು ಜಾಸ್ತಿ ಮಾಡಿಸುತ್ತವೆ, ಅದಕ್ಕೇ ಗಂಟು. ಇನ್ನು ಕೆಲವು ಒಪೈನ್ ಎಂಬ ಆಹಾರ ತಯಾರಿಸುತ್ತವೆ. ಅದು ಗಿಡಕ್ಕೆ ಬೇಡ, ಬ್ಯಾಕ್ಟೀರಿಯಾಕ್ಕೆ ಬೇಕು. ಬೇರೆಯವರ ಅಡುಗೆಮನೆಗೆ ನುಗ್ಗಿ, ತನಗೆ ಬೇಕಾದ ಅಡುಗೆಯ ಚೀಟಿ ಅಂಟಿಸಿ ಬಂದ ಹಾಗೆ!

ಚೀಟಿ ಬದಲಾಯಿಸಿದರೆ? 1983ರ ಹೊತ್ತಿಗೆ ಗಂಟಿನ ಜೀನ್ ತೆಗೆದು, ಬೇಕಾದ ಜೀನ್ ಇಟ್ಟು ಕಳಿಸುವುದು ಸಾಧ್ಯವಾಯಿತು. 2002ರಲ್ಲಿ ಭಾರತಕ್ಕೆ ಬಂದ ಬಿಟಿ ಹತ್ತಿಯ ಹಿಂದೆ ಇದೇ ದಾರಿ. ಬಿಟಿ ಅಂದರೆ ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯಾದ ಹೆಸರಿನ ಚಿಕ್ಕ ರೂಪ, ಹುಳ ಕೊಲ್ಲುವ ಅದರ ಜೀನನ್ನು ಗಿಡಕ್ಕೆ ಸೇರಿಸಿದ್ದು. ಬಿಟಿ ಬದನೆಯದೂ ಅದೇ. ನಮ್ಮ ಜಿಲ್ಲೆಯೂ ಸೇರುವ ಧಾರವಾಡ ಕೃಷಿ ವಿಶ್ವವಿದ್ಯಾಲಯ ಉಡುಪಿ ಗುಳ್ಳದಂಥ ಸ್ಥಳೀಯ ತಳಿಗಳಿಗೆ ಆ ಜೀನ್ ಸೇರಿಸುವ ಕೆಲಸದಲ್ಲಿತ್ತು. ದೊಡ್ಡ ಗಲಾಟೆಯಾಗಿ 2010ರ ಫೆಬ್ರವರಿಯಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು.

ಆಗ ಜಾಸ್ತಿ ಕೇಳಿಬಂದದ್ದು "ಪ್ರಕೃತಿಯಲ್ಲಿ ಇಲ್ಲದ್ದು" ಅನ್ನುವ ಮಾತು. ನನಗೆ ಆ ವಾದ ಅಷ್ಟು ಹಿಡಿಸುವುದಿಲ್ಲ. 2015ರಲ್ಲಿ 291 ಗೆಣಸಿನ ತಳಿ ಪರೀಕ್ಷಿಸಿದಾಗ ಎಲ್ಲದರಲ್ಲೂ ಈ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕಿತು. ನಾವು ಬೇಯಿಸಿ ತಿನ್ನುವ ಗೆಣಸು ಯಾವ ಲ್ಯಾಬೂ ಇಲ್ಲದ ಕಾಲದಲ್ಲೇ ಬದಲಾಗಿತ್ತು. ಬೀಜ ಯಾರ ಕೈಲಿರಬೇಕು, ಪರೀಕ್ಷೆ ಸಾಕಷ್ಟು ಆಯಿತಾ ಅನ್ನುವುದು ಬೇರೆ ಜಗಳ, ಅದು ನ್ಯಾಯವಾದದ್ದೇ.

ಹಾಂ, ಗುಲಾಬಿ. ಗಿಡದ ಕೋಶವೇ ಬದಲಾದ ಮೇಲೆ ಔಷಧಿ ಹೊಡೆದು ಉಪಯೋಗ ಇಲ್ಲ. ಬೇರು ಸಮೇತ ಕಿತ್ತು ಸುಟ್ಟೆವು, ಕತ್ತರಿ ತೊಳೆದಿಟ್ಟೆವು. ಬ್ಯಾಕ್ಟೀರಿಯಾ ಆ ಮಣ್ಣಲ್ಲಿ ಇನ್ನೂ ಇರುತ್ತದೆ. ಆದರೆ ಅಡಿಕೆ, ಬಾಳೆ, ಭತ್ತದ ಥರದ ಒಂದು ದಳದ ಗಿಡಗಳಿಗೆ ಅದು ಸಾಮಾನ್ಯವಾಗಿ ಗಂಟು ಕಟ್ಟುವುದಿಲ್ಲ. ಅರಿಶಿನವೂ ಅದೇ ಗುಂಪು. ಅದಕ್ಕೇ ಆಯಿ ಅಲ್ಲಿ ಅರಿಶಿನ ಹಾಕಿದ್ದಾರೆ.