ಲೆಕ್ಕ ನಾವೇ ಮಾಡೋಣ, ವಾಕ್ಯ ಬೇಕಾದ್ರೆ ಎಐ ಬರೀಲಿ

ಬೆಳಗ್ಗೆ ಲಾಗಿನ್ ಆದ ಕೂಡ್ಲೆ ನಾನು ವರ್ಷಗಟ್ಟಲೆ ಮಾಡಿದ ಮೊದಲ ಕೆಲಸ ಅಂದ್ರೆ ಡೈಲಿ ರಿಪೋರ್ಟು. ಮೂರು ಕಡೆಯಿಂದ ಫೈಲ್ ಇಳಿಸ್ಕೊಳ್ಳೋದು, ಒಂದು ಶೀಟಿಗೆ ಪೇಸ್ಟ್ ಮಾಡೋದು, ಪಿವಟ್ (ಎಕ್ಸೆಲ್ ತಾನೇ ಮಾಡಿಕೊಡೋ ಸಾರಾಂಶದ ಟೇಬಲ್) ರಿಫ್ರೆಶ್ ಮಾಡೋದು, ಆಮೇಲೆ ನಿನ್ನೆಯ ಮೇಲ್ ತೆಗೆದು ಅದ್ರಲ್ಲಿ ತಾರೀಕು ಅಂಕಿ ಎರಡೂ ಬದಲಾಯಿಸಿ "ಡಿಯರ್ ಆಲ್" ಅಂತ ಕಳಿಸೋದು, ಎಷ್ಟೋ ಸಲ ತಾರೀಕು ಬದಲಾಯಿಸೋದೇ ಮರ್ತು ಹೋಗಿ "ಸಾರಿ, ರಿವೈಸ್ಡ್" ಅಂತ ಇನ್ನೊಂದು ಮೇಲ್. ಮುಕ್ಕಾಲು ಗಂಟೆ ಕೆಲಸ, ತಲೆ ಬೇಕಾಗಿಲ್ಲ, ಕಣ್ಣು ಕೈ ಸಾಕು. ಇಂಥ ಕೆಲಸಾನ ಎಐಗೆ ಒಪ್ಪಿಸದೆ ಇನ್ಯಾವುದನ್ನ ಒಪ್ಪಿಸೋದು ಅಂತ ನನಗೂ ಅನ್ನಿಸಿತ್ತು. ಒಪ್ಪಿಸಿದೆ. ಅದಾದ ಮೇಲೆ ಕಲಿತಿದ್ದು ಇಲ್ಲಿದೆ.

ನಮ್ಮದು ಗ್ರಾಹಕರ ದೂರು ನೋಡೋ ಟೀಮು. ರಿಪೋರ್ಟಲ್ಲಿ ಇರೋದು ಮುಖ್ಯವಾಗಿ ಮೂರೇ ಅಂಕಿ: ನಿನ್ನೆ ಎಷ್ಟು ಹೊಸ ಟಿಕೆಟ್ (ನಂಬರ್ ಹಾಕಿ ದಾಖಲಿಸಿದ ದೂರು) ಬಂತು, ಎಷ್ಟು ಕ್ಲೋಸ್ ಆಯ್ತು, ಎಷ್ಟು ಪೆಂಡಿಂಗ್ ಉಳೀತು. ಮೊದಲನೇ ಸೆಟಪ್ ತುಂಬ ಸರಳವಾಗಿ ಮಾಡಿದ್ದೆ, ಬೆಳಗ್ಗೆ ಏಳು ಗಂಟೆಗೆ ಫೈಲುಗಳು ತಾನಾಗಿ ಬರ್ತವೆ, ಅವನ್ನ ಹಾಗೇ ಎತ್ತಿ ಎಐ ಮಾಡೆಲ್‌ಗೆ ಕೊಟ್ಟು "ಇದರ ಸಾರಾಂಶ ಬರಿ" ಅನ್ನೋದು, ಅದು ಬರೆದಿದ್ದನ್ನ ಮೇಲ್ ಮಾಡೋದು. ಎರಡು ವಾರ ಚೆನ್ನಾಗೇ ನಡೀತು. ಮೇಲ್ ಓದಿದವರು "ಏನ್ ಚೆನ್ನಾಗ್ ಬರೀತೀಯಪ್ಪ ಈಗ" ಅಂದ್ರು. ನಾನೂ ಸುಮ್ನೆ ಇದ್ದೆ, ಹೊಗಳಿಕೆ ಯಾರಿಗೆ ಬೇಡ.

ಆಮೇಲೆ ಒಂದಿನ ರಿಪೋರ್ಟಲ್ಲಿ ಬಂತು: ಹೊಸ ದೂರುಗಳು 42 ಪರ್ಸೆಂಟ್ ಇಳಿದಿವೆ, ಇದು ಇತ್ತೀಚೆಗೆ ಕೈಗೊಂಡ ಸುಧಾರಣಾ ಕ್ರಮಗಳ ಸಕಾರಾತ್ಮಕ ಪರಿಣಾಮವನ್ನು ತೋರಿಸುತ್ತದೆ. ನಾವು ಯಾವ ಸುಧಾರಣೇನೂ ಮಾಡಿರ್ಲಿಲ್ಲ. ಅಷ್ಟರಲ್ಲಿ ಮೇಲಿನವರು ಅದನ್ನ ಅವರ ಮೇಲಿನವರಿಗೆ "ಗುಡ್ ಜಾಬ್ ಟೀಮ್" ಅಂತ ಫಾರ್ವರ್ಡ್ ಮಾಡಿ ಆಗಿತ್ತು.

ಏನಾಗಿತ್ತು ಅಂದ್ರೆ ಹೊಸ ಟಿಕೆಟ್ ಫೈಲು ಅರ್ಧಕ್ಕೇ ನಿಂತಿತ್ತು. ನಿಜವಾಗಿ ಬಂದಿದ್ದು 412, ಫೈಲಲ್ಲಿ ಇದ್ದಿದ್ದು 231 ಸಾಲು, ಹಿಂದಿನ ದಿನ 398 ಇತ್ತು, ಹಾಗಾಗಿ 42 ಪರ್ಸೆಂಟ್ ಇಳಿಕೆ ಅನ್ನೋ ಲೆಕ್ಕ ಸರೀನೇ, ಕೈಗೆ ಸಿಕ್ಕ ಫೈಲೇ ತಪ್ಪು. ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗೆ, ಮಾಡೆಲ್‌ಗೆ ಏನು ಕೊಟ್ರೂ ಅದು ಪ್ರಶ್ನೆ ಕೇಳಲ್ಲ, ಕಟ್ಟಿ ಹಾಕಿ ಹುಲ್ಲೂ ಹಾಕಿ ಬರತ್ತೆ. ಕೈಯಲ್ಲಿ ಮಾಡ್ತಿದ್ದಾಗ ಇದೇ ಫೈಲ್ ನನ್ನ ಮುಂದೆ ಬಂದಿದ್ರೆ ಸ್ಕ್ರೋಲ್ ಮಾಡೋವಾಗ್ಲೇ "ಇಷ್ಟು ಬೇಗ ಮುಗೀತಾ" ಅಂತ ಅನ್ನಿಸಿಬಿಡ್ತಿತ್ತು, ಕಣ್ಣಿಗೆ ಅಭ್ಯಾಸ ಇರತ್ತಲ್ಲ.

ಬೇಜಾರಿನ ವಿಷ್ಯ ಏನಂದ್ರೆ ಇದನ್ನ ಹಿಡಿಯೋಕೆ ಯಾವ ಬುದ್ಧಿವಂತಿಕೇನೂ ಬೇಕಿರ್ಲಿಲ್ಲ. ಅವತ್ತು ಹಿಂದಿನ ಪೆಂಡಿಂಗ್ 150, ಕ್ಲೋಸ್ ಆಗಿದ್ದು 388, ಸಿಸ್ಟಮ್ ತೋರಿಸ್ತಿದ್ದ ಈಗಿನ ಪೆಂಡಿಂಗ್ 174. ಹಳೇ ಪೆಂಡಿಂಗಿಗೆ ಹೊಸದು ಕೂಡಿ ಕ್ಲೋಸ್ ಆಗಿದ್ದು ಕಳೀರಿ: 150ಕ್ಕೆ 412 ಕೂಡಿ 388 ಕಳೆದ್ರೆ 174, ಸರಿ ಹೋಯ್ತು. 412ರ ಜಾಗದಲ್ಲಿ 231 ಹಾಕಿ ನೋಡಿ, ಉತ್ತರ ಮೈನಸ್ 7. ಮೈನಸ್ ಏಳು ಟಿಕೆಟ್ ಪೆಂಡಿಂಗ್! ಅಂಗಡಿ ಲೆಕ್ಕ ಬರೆಯೋರು ದಿನಾ ರಾತ್ರಿ ಮಾಡೋ ಟ್ಯಾಲಿ ಇದು, ಆರಂಭದ ಶಿಲ್ಕು, ಬಂದಿದ್ದು, ಹೋಗಿದ್ದು, ಕೊನೆಯ ಶಿಲ್ಕು. ನಾನು ಎಐ ಸಂಭ್ರಮದಲ್ಲಿ ಈ ಒಂದು ಸಾಲಿನ ಫಾರ್ಮುಲಾ ಹಾಕಿರ್ಲಿಲ್ಲ.

ಇಂಥದ್ದು ಈ ಥರದ ಎಐ ಟೂಲುಗಳು ಎಲ್ಲರ ಕೈಗೆ ಬರೋಕೆ ಮುಂಚೇನೂ ಆಗಿದೆ, ದೊಡ್ಡ ಮಟ್ಟದಲ್ಲೇ ಆಗಿದೆ. 2020ರಲ್ಲಿ ಇಂಗ್ಲೆಂಡಿನ ಕೋವಿಡ್ ದಿನದ ಲೆಕ್ಕದಲ್ಲಿ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೇಸುಗಳು ಬಿಟ್ಟು ಹೋಗಿದ್ವು. ಕಾರಣ, ಲ್ಯಾಬಿಂದ ಬಂದ ಡೇಟಾನ ಹಳೇ ಎಕ್ಸೆಲ್ ಫಾರ್ಮ್ಯಾಟಿಗೆ ಹಾಕಿದ್ರು, ಆ ಫಾರ್ಮ್ಯಾಟಲ್ಲಿ ಒಂದು ಶೀಟಿಗೆ 65,536 ಸಾಲಷ್ಟೇ ಜಾಗ (ಈಗಿನದ್ರಲ್ಲಿ 10,48,576), ಅದು ತುಂಬಿದ ಮೇಲೆ ಬಂದಿದ್ದು ಸದ್ದಿಲ್ಲದೆ ಉದುರಿ ಹೋಯ್ತು. ದಿನಾ ರಿಪೋರ್ಟ್ ಮಾತ್ರ ಬರ್ತಾನೇ ಇತ್ತು. ಅರ್ಧ ಫೈಲಿಂದ ಮಾಡಿದ ರಿಪೋರ್ಟೂ ನೋಡೋಕೆ ಪೂರ್ತಿ ರಿಪೋರ್ಟ್ ಥರಾನೇ ಇರತ್ತೆ, ಅದ್ರ ಮೇಲೆ ಎಐ ಒಳ್ಳೆ ಭಾಷೆ ಬೇರೆ ಸವರಿಬಿಟ್ರೆ ಅನುಮಾನ ಬರೋ ದಾರೀನೇ ಮುಚ್ಚಿ ಹೋಗತ್ತೆ.

ಅದಕ್ಕೇ ನಾನೀಗ ಯಾರು ಕೇಳಿದ್ರೂ ಹೇಳೋದು ಒಂದೇ: ಅಂಕಿ ತಯಾರು ಮಾಡೋ ಕೆಲಸಾನ ಮಾಡೆಲ್ ಕೈಗೆ ಕೊಡ್ಬೇಡಿ. ಚಾಟ್‌ಜಿಪಿಟಿ ಥರದ ಭಾಷಾ ಮಾಡೆಲ್ ಕೆಲಸ ಮಾಡೋದು ಮುಂದೆ ಯಾವ ತುಣುಕು ಬರಬಹುದು ಅಂತ ಊಹಿಸ್ಕೊಂಡು, ಪದದ ಹಾಗೇ ಅಂಕೀನೂ ಅದಕ್ಕೆ ತುಣುಕುಗಳೇ, 400 ಸಾಲಿನ ಕಾಲಮ್ ಕೊಟ್ಟು ಕೂಡು ಅಂದ್ರೆ ಕೂಡಿದ ಹಾಗೆ ಕಾಣೋ ಒಂದು ಸಂಖ್ಯೆ ಕೊಡತ್ತೆ, ಒಂದೊಂದಿನ ಸರಿ ಇರತ್ತೆ, ಅದೇ ಅಪಾಯ. ಈಗಿನ ಎಷ್ಟೋ ಟೂಲುಗಳು ಒಳಗೇ ಒಂದು ಸಣ್ಣ ಪ್ರೋಗ್ರಾಂ ಬರ್ದು ಓಡಿಸಿ ಉತ್ತರ ತರ್ತವೆ, ಅದು ವಾಸಿ, ಯಾಕಂದ್ರೆ ಅಲ್ಲಿ ಕೂಡೋದು ಪ್ರೋಗ್ರಾಮು, ಮಾಡೆಲ್ ಅಲ್ಲ. ಆದ್ರೆ ದಿನಾ ಹೊಸದಾಗಿ ಬರೆದ್ರೆ ಇವತ್ತು ಕ್ಯಾನ್ಸಲ್ ಆದ ಟಿಕೆಟ್ ಸೇರ್ಸತ್ತೆ ನಾಳೆ ಬಿಟ್ಟುಬಿಡತ್ತೆ, ಎರಡು ದಿನದ ಅಂಕಿ ಹೋಲಿಸೋಕೇ ಬರಲ್ಲ. ಹಾಗಾಗಿ ನಾನು ಮಾಡಿದ್ದು ಎಐ ಹತ್ರ ಒಂದೇ ಸಲ ಸ್ಕ್ರಿಪ್ಟ್ (ಇಂಥದೇ ಸಣ್ಣ ಪ್ರೋಗ್ರಾಂ) ಬರೆಸ್ಕೊಂಡೆ, ಸಾಲು ಸಾಲು ಓದಿ ಹಳೇ ಹತ್ತು ದಿನದ ಕೈಲೆಕ್ಕದ ಜೊತೆ ತಾಳೆ ನೋಡಿದೆ, ಸರಿ ಬಂದ ಮೇಲೆ ಬೀಗ ಹಾಕಿದ ಹಾಗೆ ಇಟ್ಬಿಟ್ಟೆ. ಈಗ ದಿನಾ ಓಡೋದು ಆ ಸ್ಕ್ರಿಪ್ಟು. ಕೂಡೋಕೆ ಕಳಿಯೋಕೆ ದಿನಾ ಎಐ ಕರೆಯೋದು ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ತಗೊಂಡ ಹಾಗೆ.

ಸ್ಕ್ರಿಪ್ಟ್ ಮೊದ್ಲು ಮೂರು ವಿಷ್ಯ ನೋಡತ್ತೆ. ಫೈಲ್ ಇವತ್ತಿಂದಾ ನಿನ್ನೇದಾ, ಸಾಲುಗಳು ಮಾಮೂಲಿಗಿಂತ ತೀರಾ ಕಮ್ಮಿ ಇದ್ಯಾ, ಟ್ಯಾಲಿ ಆಗ್ತಿದ್ಯಾ. ಒಂದು ತಪ್ಪಿದ್ರೂ ರಿಪೋರ್ಟ್ ಹೋಗಲ್ಲ, ಬದಲಿಗೆ "ಇವತ್ತು ರಿಪೋರ್ಟ್ ಇಲ್ಲ, ಹೊಸ ಟಿಕೆಟ್ ಫೈಲ್ ಅಪೂರ್ಣ" ಅಂತ ಒಂದೇ ಸಾಲಿನ ಮೇಲ್ ಹೋಗತ್ತೆ. ಆ ಸಾಲು ಹೋಗ್ಲೇಬೇಕು, ಸುಮ್ನಿದ್ರೆ ಜನ ಎಲ್ಲಾ ಸರಿ ಇದೆ ಅನ್ಕೋತಾರೆ. ಇನ್ನು ಟೈಮಿನ ತರ್ಲೆ ಒಂದಿದೆ, ಎಷ್ಟೋ ಸರ್ವರುಗಳು ಯುಟಿಸಿ ಟೈಮಲ್ಲಿ (ಜಗತ್ತಿಗೆಲ್ಲಾ ಒಂದೇ ಪ್ರಮಾಣ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ) ಓಡ್ತವೆ, ಸರ್ವರಿನ ಮಧ್ಯರಾತ್ರಿ ನಿಮ್ಮ ಮಧ್ಯರಾತ್ರಿ ಅಲ್ಲ, ಹಾಗಾಗಿ "ನಿನ್ನೆ" ಅಂದ್ರೆ ಯಾವ ಗಂಟೆಯಿಂದ ಯಾವ ಗಂಟೆವರೆಗೆ ಅಂತ ಮೊದ್ಲೇ ಬರೆದಿಟ್ಕೊಳ್ಳಿ. ತಾರೀಕೂ ಅಷ್ಟೇ, 03/04 ಅಂದ್ರೆ ಒಬ್ರಿಗೆ ಏಪ್ರಿಲ್ ಮೂರು, ಇನ್ನೊಬ್ರಿಗೆ ಮಾರ್ಚ್ ನಾಲ್ಕು. ಎಕ್ಸೆಲ್ ತಾನಾಗೇ ತಾರೀಕು ಮಾಡೋ ಚಟಕ್ಕೆ ಬೇಸತ್ತು ವಿಜ್ಞಾನಿಗಳು ಮಾರ್ಚ್1, ಸೆಪ್ಟ್1 ಅನ್ನೋ ಥರದ ಜೀನುಗಳ ಹೆಸರನ್ನೇ ಬದಲಾಯಿಸಿದ್ರು, 2020ರಲ್ಲಿ ಅದಕ್ಕೆ ನಿಯಮಾನೇ ಬಂತು. ಸಾಫ್ಟ್‌ವೇರಿಗಿಂತ ಮೊದ್ಲು ಜೀನಿನ ಹೆಸರೇ ಬದಲಾಯ್ತು, ನೋಡಿ.

ಸರಿ, ಹಾಗಾದ್ರೆ ಎಐಗೆ ಕೆಲಸ ಏನು? ಎರಡಿದೆ. ಒಂದು, ತಯಾರಾದ ಅಂಕಿ ಟೇಬಲ್ ನೋಡಿ ಎರಡು ಮೂರು ವಾಕ್ಯ ಬರೆಯೋದು. ಇದ್ರಲ್ಲಿ ಅದಕ್ಕೆ ಎರಡು ಕೆಟ್ಟ ಅಭ್ಯಾಸ ಇವೆ. ಏನೂ ಆಗಿಲ್ಲ ಅಂತ ಬರೆಯೋಕೆ ಬರಲ್ಲ. 398 ಇದ್ದಿದ್ದು 412 ಆದ್ರೆ ಮೂರೂವರೆ ಪರ್ಸೆಂಟು, ಅದು ಮಾಮೂಲು ಏರಿಳಿತ, ಆದ್ರೂ "ಗಮನಾರ್ಹ ಏರಿಕೆ" ಅನ್ನತ್ತೆ. ಒಂದು ವಿಭಾಗದಲ್ಲಿ ಎರಡಿದ್ದಿದ್ದು ನಾಲ್ಕಾದ್ರೆ "ನೂರು ಪರ್ಸೆಂಟ್ ಏರಿಕೆ" ಅಂತ ಬೆಂಕಿ ಬಿದ್ದ ಹಾಗೆ ಕೂಗತ್ತೆ. ಇನ್ನೊಂದು ಕೆಟ್ಟ ಅಭ್ಯಾಸ, ಕಾರಣ ಕಟ್ಟೋದು. ಯಾರೂ ಕೇಳಿರಲ್ಲ, "ಬಹುಶಃ ವಾರಾಂತ್ಯದ ಕಾರಣ", "ಹೆಚ್ಚಿದ ಬೇಡಿಕೆಯಿಂದಾಗಿ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಅರ್ಧ ವಾಕ್ಯ ಸೇರಿಸಿಬಿಡತ್ತೆ, ಮೀಟಿಂಗ್ ಹೊತ್ತಿಗೆ ಆ "ಬಹುಶಃ" ಉದುರಿ ಹೋಗಿ ಕಾರಣ ಮಾತ್ರ ಉಳ್ದಿರತ್ತೆ.

ಹಾಗಾಗಿ ನನ್ನ ಪ್ರಾಂಪ್ಟಲ್ಲಿ, ಅಂದ್ರೆ ಮಾಡೆಲ್‌ಗೆ ಕೊಡೋ ಸೂಚನೇಲಿ, ಬೇಕು ಅನ್ನೋದಕ್ಕಿಂತ ಬೇಡ ಅನ್ನೋದೇ ಜಾಸ್ತಿ. ಟೇಬಲಲ್ಲಿ ಇಲ್ಲದ ಅಂಕಿ ಬೇಡ, ಕಾರಣ ಬೇಡ, ಗಣನೀಯ ಗಮನಾರ್ಹ ಉತ್ತೇಜನಕಾರಿ ಈ ಪದಗಳು ಬೇಡ. ಹೋಲಿಕೆ ನಿನ್ನೆ ಜೊತೆ ಅಲ್ಲ, ಹಿಂದಿನ ನಾಲ್ಕು ವಾರಗಳಲ್ಲಿ ಬಂದ ಇದೇ ದಿನದ ಜೊತೆ, ಯಾಕಂದ್ರೆ ಸೋಮವಾರಾನ ಭಾನುವಾರದ ಪಕ್ಕ ನಿಲ್ಲಿಸಿದ್ರೆ ಪ್ರತಿ ವಾರಾನೂ ಪ್ರಳಯ. ಆ ನಾಲ್ಕರಲ್ಲಿ ಅತಿ ಕಮ್ಮಿ ಅತಿ ಹೆಚ್ಚು ಇವೆರಡರ ನಡುವೆ ಇವತ್ತಿನ ಅಂಕಿ ಇದ್ರೆ "ವಿಶೇಷ ಇಲ್ಲ" ಅಂತಷ್ಟೇ ಬರಿ. ಆ ನಿರ್ಧಾರಾನೂ ಸ್ಕ್ರಿಪ್ಟೇ ಮಾಡಿ ಕೊಡತ್ತೆ. ಇಷ್ಟೆಲ್ಲಾ ಹೇಳಿದ್ರೂ ಒಂದೊಂದಿನ ಮೀರತ್ತೆ, ಅದಕ್ಕೇ ಮೇಲ್ ಹೋಗೋಕೆ ಮುಂಚೆ ಇನ್ನೊಂದು ಸಣ್ಣ ತಪಾಸಣೆ ಇದೆ, ವಾಕ್ಯದಲ್ಲಿರೋ ಪ್ರತಿ ಅಂಕೀನೂ ಟೇಬಲಲ್ಲಿ ಇದ್ಯಾ ಅಂತ ಹುಡುಕತ್ತೆ, ಒಂದೇ ಒಂದು ಸಿಗ್ಲಿಲ್ಲ ಅಂದ್ರೂ ವಾಕ್ಯ ಪೂರ್ತಿ ಕಿತ್ತು ಹಾಕಿ ಬರೀ ಟೇಬಲ್ ಕಳಿಸತ್ತೆ. ವಾಕ್ಯ ಇಲ್ಲ ಅಂತ ಇವತ್ತಿನವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ.

ಎಐ ನಿಜವಾಗಿ ಸಂಬಳಕ್ಕೆ ತಕ್ಕ ಕೆಲಸ ಮಾಡೋದು ಎರಡನೇ ಜಾಗದಲ್ಲಿ, ಅದು ನಾನು ಮೊದಲು ಅಂದ್ಕೊಂಡೇ ಇರ್ಲಿಲ್ಲ. ಪ್ರತಿ ಟಿಕೆಟಲ್ಲೂ ಏಜೆಂಟು ಕೈಯಲ್ಲಿ ಟೈಪ್ ಮಾಡಿದ ಒಂದು ನೋಟ್ ಇರತ್ತೆ. ಒಬ್ರು "ಒಟಿಪಿ ಬರ್ತಿಲ್ಲ" ಅಂತಾರೆ, ಇನ್ನೊಬ್ರು "ಕೋಡ್ ನಾಟ್ ರಿಸೀವ್ಡ್", ಮತ್ತೊಬ್ರು "ಮೆಸೇಜ್ ಲೇಟು ಕಸ್ಟಮರ್ ಸಿಟ್ಟು". ಮೂರೂ ಒಂದೇ ಸಮಸ್ಯೆ, ಪದ ಹುಡುಕೋ ಫಿಲ್ಟರಿಗೆ ಇದು ಜನ್ಮದಲ್ಲಿ ಸಿಗಲ್ಲ. ಮಾಡೆಲ್ ಇದನ್ನ ಸಲೀಸಾಗಿ ಒಂದು ಗುಂಪಿಗೆ ಹಾಕತ್ತೆ. 400 ನೋಟ್ ಓದೋಕೆ ನನಗೆ ಯಾವತ್ತೂ ಟೈಮ್ ಸಿಕ್ಕಿರ್ಲಿಲ್ಲ, ಹಾಗಾಗಿ ಇಲ್ಲಿ ಅದು ನನ್ನ ಕೆಲಸ ಕಸ್ಕೊಳ್ಳಲಿಲ್ಲ, ಯಾರೂ ಮಾಡದೇ ಇದ್ದ ಕೆಲಸ ಶುರು ಮಾಡ್ತು. ಷರತ್ತು ಒಂದೇ, ಪ್ರತಿ ಗುಂಪಿನ ಪಕ್ಕ ಟಿಕೆಟ್ ನಂಬರ್ ಇರಬೇಕು, ಅನುಮಾನ ಬಂದೋರು ಕ್ಲಿಕ್ ಮಾಡಿ ಮೂಲ ನೋಟೇ ಓದಬೇಕು. ಗುಂಪಲ್ಲಿ ಎಷ್ಟಿವೆ ಅಂತ ಎಣಿಸೋದು, ಮತ್ತೆ ಹೇಳ್ತೀನಿ, ಸ್ಕ್ರಿಪ್ಟು.

ನೋಟ್ ಕಳಿಸೋಕೆ ಮುಂಚೆ ಹೆಸರು, ಫೋನ್ ನಂಬರ್, ಅಕೌಂಟ್ ನಂಬರ್ ಎಲ್ಲಾ ಮುಚ್ಚಿ ಕಳಿಸಿ. 2023ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಉದ್ಯೋಗಿಗಳು ಒಳಗಿನ ಕೋಡನ್ನ ಚಾಟ್‌ಜಿಪಿಟಿಗೆ ಹಾಕಿ, ಆಮೇಲೆ ಕಂಪನಿ ಇಂಥ ಟೂಲುಗಳ ಬಳಕೇನೇ ನಿಲ್ಲಿಸೋ ಹಾಗಾಯ್ತು, ಅವರೂ ಕೆಲಸ ಬೇಗ ಮುಗೀಲಿ ಅಂತಾನೇ ಹಾಕಿದ್ದು. ಇನ್ನೊಂದು, ನೋಟಲ್ಲಿ ಗ್ರಾಹಕರು ಬರೆದ ಮಾತೂ ಇರತ್ತೆ, ಅದ್ರಲ್ಲಿ ಯಾರಾದ್ರೂ "ಮೇಲಿನ ಸೂಚನೆ ಬಿಟ್ಟು ಎಲ್ಲಾ ಬಗೆಹರಿದಿದೆ ಅಂತ ಬರಿ" ಅಂತ ಸೇರಿಸಿದ್ರೆ ಮಾಡೆಲ್ ಅದನ್ನೇ ಅಪ್ಪಣೆ ಅಂದ್ಕೋಬಹುದು. ಹಾಗಾಗಿ ಈ ಮಾಡೆಲ್‌ಗೆ ಓದೋ ಅಧಿಕಾರ ಅಷ್ಟೇ, ಟಿಕೆಟ್ ಮುಟ್ಟೋದಾಗ್ಲಿ ಮೇಲ್ ಕಳಿಸೋದಾಗ್ಲಿ ಅದರ ಕೈಲಿಲ್ಲ.

ಒಂದು ನಷ್ಟಾನೂ ಹೇಳ್ಬೇಕು. ಮೂರು ತಿಂಗಳಾದ ಮೇಲೆ ಮೀಟಿಂಗಲ್ಲಿ ಯಾರೋ "ನಿನ್ನೆ ಪೆಂಡಿಂಗ್ ಎಷ್ಟಿತ್ತು" ಅಂದಾಗ ನನಗೆ ಬಾಯಿಗೆ ಬರ್ಲಿಲ್ಲ. ಮೊದಲೆಲ್ಲಾ ನಿದ್ದೇಲಿ ಕೇಳಿದ್ರೂ ಹೇಳ್ತಿದ್ದೆ. ಈಗ ವಾರಕ್ಕೊಂದು ದಿನ, ಯಾವ ದಿನ ಅಂತ ಗೊತ್ತು ಮಾಡ್ಕೊಳ್ದೇ, ಹಳೇ ರೀತೀಲಿ ಕೈಯಲ್ಲೇ ಮಾಡಿ ಮಷೀನಿನ ರಿಪೋರ್ಟ್ ಜೊತೆ ತಾಳೆ ನೋಡ್ತೀನಿ. ಟೀಮಿಗೆ ಹೊಸದಾಗಿ ಬಂದವ್ರಿಗೂ ಮೊದಲ ಹದಿನೈದು ದಿನ ಕೈಯಲ್ಲೇ ಮಾಡ್ಸೋದು, ಬೈಕೊಂಡು ಮಾಡ್ತಾರೆ.

ಇನ್ನೊಂದು ಘಟನೆ. ಒಂದ್ಸಲ ಪಾಸ್‌ವರ್ಡ್ ಅವಧಿ ಮುಗಿದು ಇಡೀ ಸೆಟಪ್ಪೇ ನಿಂತು ಹೋಯ್ತು, "ರಿಪೋರ್ಟ್ ಇಲ್ಲ" ಅನ್ನೋ ಮೇಲ್ ಕೂಡ ಅದೇ ಸೆಟಪ್ಪಿಂದ ಹೋಗ್ತಿದ್ದಿದ್ರಿಂದ ಅದೂ ಹೋಗ್ಲಿಲ್ಲ, ನಾನು ರಜೇಲಿದ್ದೆ. (ಆ ಮೇಲನ್ನ ಈಗ ಬೇರೆ ಮಷೀನಿಂದ ಕಳಿಸ್ತೀವಿ.) ಮೂವತ್ತು ಜನರ ಲಿಸ್ಟು, ಒಂಬತ್ತು ದಿನ ಯಾರೂ ಕೇಳ್ಲಿಲ್ಲ. ಹತ್ತನೇ ದಿನ ಒಬ್ರು ಫೋನ್ ಮಾಡಿದ್ರು, ಮ್ಯಾನೇಜರ್ ಅಲ್ಲ, ನೈಟ್ ಶಿಫ್ಟ್ ನೋಡ್ಕೊಳ್ಳೋ ಮೇಡಂ. "ಸರ್, ರಿಪೋರ್ಟ್ ಬೇಡ ನನಗೆ, ಕೊನೇಲಿ ಮೂರು ದಿನ ದಾಟಿದ ಟಿಕೆಟ್ ಲಿಸ್ಟ್ ಇರ್ತಿತ್ತಲ್ಲ, ಅದೊಂದು ಕಳಿಸ್ತೀರಾ, ಇಷ್ಟು ದಿನ ಹಳೇ ಲಿಸ್ಟ್ ಇಟ್ಕೊಂಡು ಒಂದೊಂದೇ ತೆಗೆದು ನೋಡ್ತಿದೀನಿ" ಅಂದ್ರು.

ಈಗ ರಿಪೋರ್ಟ್ ಮೇಲ್‌ನಲ್ಲಿ ಮೊದಲು ಬರೋದೇ ಆ ಲಿಸ್ಟು. ಅದರ ಕೆಳಗೆ ಮೂರು ಅಂಕಿ, ಅದರ ಕೆಳಗೆ ದೂರಿನ ಗುಂಪುಗಳು. ಕೊನೇಲಿ "ಯಾಕೆ" ಅಂತ ಒಂದು ಜಾಗ ಇದೆ, ಅದನ್ನ ತುಂಬೋದು ಆ ಮೇಡಂ, ಶಿಫ್ಟ್ ಮುಗಿಸಿ ಹೋಗೋವಾಗ. ಕೆಲವು ದಿನ "ಪೇಮೆಂಟ್ ಸರ್ವರ್ ರಾತ್ರಿ ಎರಡು ಗಂಟೆ ಡೌನ್" ಅಂತ ಇರತ್ತೆ, ಕೆಲವು ದಿನ ಅವ್ರಿಗೆ ಪುರುಸೊತ್ತಿರಲ್ಲ. ಅವತ್ತು ಆ ಜಾಗ ಖಾಲಿನೇ ಹೋಗತ್ತೆ.