ಐವತ್ತು ಸಲ ಒಡೆದು ನಿಂತ ಜೀವಕೋಶ

ಗಾಜಿನ ಸೀಸೆಯಲ್ಲಿ ಬೆಳೆಸಿದ ಜೀವಕೋಶ ಸತ್ತರೆ ತಪ್ಪು ಯಾರದು? 1961ರವರೆಗೂ ಲ್ಯಾಬುಗಳಲ್ಲಿ ಇದಕ್ಕೆ ಒಂದೇ ಉತ್ತರವಿತ್ತು: ಬೆಳೆಸಿದವರದು. ಪೋಷಕ ದ್ರವ ಕೆಟ್ಟಿರಬೇಕು, ಸೀಸೆ ಸರಿಯಾಗಿ ತೊಳೆದಿಲ್ಲ, ಇಲ್ಲವೇ ಕೈಗುಣ ಚೆನ್ನಾಗಿಲ್ಲ.

ಹೀಗೆ ನಂಬಲು ಕಾರಣ ಅಲೆಕ್ಸಿ ಕ್ಯಾರೆಲ್. ನೊಬೆಲ್ ಪಡೆದ ಫ್ರೆಂಚ್ ಶಸ್ತ್ರವೈದ್ಯ. 1912ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅವರು ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಬೆಳೆಸಲು ಶುರು ಮಾಡಿದರು. ಕ್ಯಾರೆಲ್ 1944ರಲ್ಲಿ ತೀರಿಕೊಂಡರೂ ಕೋಶಗಳು ಬೆಳೆಯುತ್ತಲೇ ಇದ್ದವು. 1946ರಲ್ಲಿ ಅವನ್ನು ಬೇಕೆಂದೇ ಎಸೆದರು. 34 ವರ್ಷ! ಅಷ್ಟು ದಿನ ಯಾವ ಕೋಳಿ ಬದುಕೀತು? ಹಾಗಾಗಿ ಕೋಶಕ್ಕೆ ಸಾವಿಲ್ಲ, ಮುಪ್ಪು ಬರುವುದು ಹೊರಗಿನಿಂದ ಎಂಬುದು ಪಾಠವೇ ಆಗಿಹೋಯಿತು.

ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಕೋಶ ಬೆಳೆಸುವ ಕೆಲಸ ನೋಡಿಕೊಳ್ಳುತ್ತಿದ್ದ ಲಿಯೊನಾರ್ಡ್ ಹೇಫ್ಲಿಕ್ ಮುಪ್ಪಿನ ಬೆನ್ನು ಹತ್ತಿದವರೇನಲ್ಲ. ಕ್ಯಾನ್ಸರ್ ತರುವ ವೈರಸ್ ಹುಡುಕುತ್ತಿದ್ದರು, ಅದಕ್ಕೆ ಮಾನವ ಭ್ರೂಣದ ಆರೋಗ್ಯವಂತ ಕೋಶಗಳು ಬೇಕಿದ್ದವು. ಅವೋ, ಕೆಲವು ತಿಂಗಳು ಸೊಗಸಾಗಿ ಬೆಳೆದು ನಿಂತುಬಿಡುತ್ತಿದ್ದವು. ಬೇರೆಯವರಾಗಿದ್ದರೆ ಸೀಸೆ ಚೆಲ್ಲಿ ಹೊಸದನ್ನು ಶುರು ಮಾಡುತ್ತಿದ್ದರು. ಹೇಫ್ಲಿಕ್ ಲೆಕ್ಕದ ಪುಸ್ತಕ ತಿರುವಿದರು. ನಿಂತಿದ್ದು ಹಳೆಯ ಸೀಸೆಗಳು ಮಾತ್ರ. ಅದೇ ದ್ರವ ಕುಡಿದ ಹೊಸ ಸೀಸೆಗಳಿಗೆ ಏನೂ ಆಗಿರಲಿಲ್ಲ. ಜೊತೆಗೆ, ನಿಂತವೆಲ್ಲ ಸುಮಾರು ಐವತ್ತು ಸಲ ಇಮ್ಮಡಿಯಾದ ಮೇಲೆಯೇ ನಿಂತಿದ್ದವು.

ಇಲ್ಲಿಂದ ಮುಂದೆ ಅವರು ಮಾಡಿದ ಪರೀಕ್ಷೆ ನನಗೆ ಬಹಳ ಇಷ್ಟ. ವರ್ಣತಂತುಗಳನ್ನು ಓದುವುದರಲ್ಲಿ ನುರಿತ ಪಾಲ್ ಮೂರ್‌ಹೆಡ್ ಜೊತೆ ಸೇರಿ, ನಲವತ್ತು ಸಲ ಇಮ್ಮಡಿಯಾಗಿದ್ದ ಗಂಡು ಕೋಶಗಳನ್ನೂ ಹತ್ತೇ ಸಲ ಇಮ್ಮಡಿಯಾಗಿದ್ದ ಹೆಣ್ಣು ಕೋಶಗಳನ್ನೂ ಒಂದೇ ಸೀಸೆಗೆ ಹಾಕಿದರು. ಒಂದೇ ಮನೆ, ಒಂದೇ ಊಟ. ತಪ್ಪು ದ್ರವದ್ದಾದರೆ ಎರಡೂ ಒಟ್ಟಿಗೆ ಸಾಯಬೇಕು. ಬೇರೆ ಸೀಸೆಯಲ್ಲಿ ಒಂಟಿಯಾಗಿಟ್ಟಿದ್ದ ಗಂಡು ಕೋಶಗಳು ನಿಂತ ದಿನ ಈ ಸೀಸೆಯನ್ನೂ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಕಂಡಿದ್ದೆಲ್ಲ ಹೆಣ್ಣು ವರ್ಣತಂತುಗಳೇ. ಯಯಾತಿಯ ಮುಪ್ಪು ಪೂರುವಿಗೆ ದಾಟಿತು. ಈ ಸೀಸೆಯಲ್ಲಿ ದಾಟಲಿಲ್ಲ.

ಮೊದಲು ಕಳಿಸಿದ ಪತ್ರಿಕೆ ಪ್ರಬಂಧವನ್ನು ತಿರಸ್ಕರಿಸಿತು. ಒಪ್ಪದೆ ಪತ್ರ ಬರೆದ ಪೇಟನ್ ರೌಸ್ ಮುಂದೆ ನೊಬೆಲ್ ಪಡೆದ ದೊಡ್ಡ ವಿಜ್ಞಾನಿ. ಪ್ರಬಂಧ 1961ರಲ್ಲಿ ಬೇರೆ ಪತ್ರಿಕೆಯಲ್ಲಿ ಬೆಳಕು ಕಂಡಿತು. ಐವತ್ತು ಸಲದ ಈ ಗಡಿಗೆ 'ಹೇಫ್ಲಿಕ್ ಮಿತಿ' ಎಂಬ ಹೆಸರು ಬರಲು 1974ರವರೆಗೆ ಕಾಯಬೇಕಾಯಿತು. ಹೆಸರಿಟ್ಟವರು ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್. ಹಾಗಾದರೆ ಕ್ಯಾರೆಲ್ ಕೋಶಗಳು? ಅವಕ್ಕೆ ಹಾಕುತ್ತಿದ್ದ ಭ್ರೂಣದ ರಸದ ಜೊತೆಗೇ ಪ್ರತಿ ಸಲ ಹೊಸ ಕೋಶಗಳೂ ಒಳಸೇರುತ್ತಿದ್ದಿರಬೇಕು ಎಂಬುದು ಹೇಫ್ಲಿಕ್ ವಾದ. ಬೇರೆ ಯಾರ ಕೈಯಲ್ಲೂ ಆ ಪ್ರಯೋಗ ಮತ್ತೆ ನಡೆಯಲಿಲ್ಲ.

ಫ್ರೀಜ್ ಮಾಡಿಟ್ಟ ಕೋಶ ಎಷ್ಟೋ ವರ್ಷದ ನಂತರ ಕರಗಿದಾಗ, ಬಿಟ್ಟಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ಕೋಶಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ಲೆಕ್ಕ ಗೊತ್ತು. ಎಣಿಸುವವರು ಯಾರು? ವರ್ಣತಂತುವಿನ ತುದಿ ಪ್ರತಿ ಸಲ ಒಂದಿಷ್ಟು ಸವೆಯುತ್ತದೆ ಎಂದು 1971ರಲ್ಲಿ ಊಹಿಸಿದವರು ಮಾಸ್ಕೋದ ಅಲೆಕ್ಸಿ ಒಲೊವ್ನಿಕೊವ್. ಹೊಳೆದದ್ದು ಮೆಟ್ರೊ ನಿಲ್ದಾಣದಲ್ಲಂತೆ. ಆ ತುದಿಗಳೇ ಟೆಲೊಮಿಯರ್. ಅವುಗಳ ಮೇಲಿನ ಕೆಲಸಕ್ಕೆ 2009ರ ನೊಬೆಲ್ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಅವರಿಗೆ ಹೋಯಿತು. ಹೇಫ್ಲಿಕ್‌ಗೆ ಬರಲಿಲ್ಲ.

ಅವರಿಗೆ ಬಂದದ್ದು ಕೋರ್ಟು ಕಚೇರಿ. 1962ರಲ್ಲಿ ತಾವು ಬೆಳೆಸಿದ, ಡಬ್ಲ್ಯುಐ-38 ಎಂಬ ಹೆಸರಿನ ಮಾನವ ಭ್ರೂಣದ ಕೋಶಗಳ ಸೀಸೆಗಳನ್ನು 1968ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಹೋಗುವಾಗ ಜೊತೆಗೆ ಒಯ್ದಿದ್ದರು. ಅದು ನಮ್ಮ ಆಸ್ತಿ ಎಂದಿತು ಅಮೆರಿಕ ಸರ್ಕಾರ. 1976ರಲ್ಲಿ ಹುದ್ದೆ ಬಿಟ್ಟರು, 1981ರಲ್ಲಿ ರಾಜಿಯಾಯಿತು. ಸರ್ಕಾರದ ಹಣದಲ್ಲಿ ಬೆಳೆದದ್ದು ನಿಜ. ಹೇಳದೆ ಒಯ್ದದ್ದನ್ನು ನಾನಂತೂ ಸಮರ್ಥಿಸಲಾರೆ.

ಆ ಕೋಶಗಳ ಫಲ ಮಾತ್ರ ನಮ್ಮೂರಿಗೂ ಬಂತು. ರುಬೆಲ್ಲಾ ಲಸಿಕೆಯ ಆರ್‌ಎ 27/3 ಎಂಬ ವೈರಸ್ ತಳಿಯನ್ನು ಸ್ಟ್ಯಾನ್ಲಿ ಪ್ಲಾಟ್ಕಿನ್ ಪಳಗಿಸಿದ್ದು ಡಬ್ಲ್ಯುಐ-38ರಲ್ಲೇ. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಆರಂಭವಾದ ದಡಾರ-ರುಬೆಲ್ಲಾ ಅಭಿಯಾನದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳು ಚುಚ್ಚಿಸಿಕೊಂಡ ಲಸಿಕೆಯಲ್ಲಿದ್ದದ್ದು ಅದೇ ತಳಿ. ಲಸಿಕೆ ಬೆಳೆಸಲು ಸಾಯುವ ಕೋಶವೇ ಏಕೆ ಬೇಕು ಎಂದರೆ, ನಿಲ್ಲದೆ ಒಡೆಯುವುದು ಕ್ಯಾನ್ಸರ್ ಕೋಶದ ಗುಣ.

ಹೇಫ್ಲಿಕ್ ತಮ್ಮ ಮಿತಿಯನ್ನೇ ಮನುಷ್ಯರ ಸಾವಿಗೆ ಕಾರಣವೆಂದು ಮಾರಲು ಹೋಗಲಿಲ್ಲ. ಕೋಶಗಳ ಎಣಿಕೆ ಮುಗಿಯುವ ಮೊದಲೇ ನಾವು ಸಾಯುತ್ತೇವೆ ಎನ್ನುತ್ತಿದ್ದರು. ಮುಪ್ಪು ಬೇರೆ, ರೋಗ ಬೇರೆ ಎಂಬುದು ಕೊನೆಯವರೆಗೂ ಅವರ ತಕರಾರು: ಮುದಿ ವಯಸ್ಸಿನ ಕಾಯಿಲೆಗಳಿಗೆ ಹಣ ಸುರಿಯುತ್ತೀರಿ, ಮುದಿ ಕೋಶ ಅಷ್ಟು ಸುಲಭವಾಗಿ ಕಾಯಿಲೆಗೆ ಬೀಳುವುದೇಕೆ ಎಂದು ಯಾರೂ ಕೇಳುವುದಿಲ್ಲ. ಯೌವನ ಮರಳಿಸುವ ಮದ್ದುಗಳ ಮಾರಾಟದ ವಿರುದ್ಧ 2002ರಲ್ಲಿ 51 ವಿಜ್ಞಾನಿಗಳು ಸಹಿ ಹಾಕಿದ ಹೇಳಿಕೆ ಬರೆದವರಲ್ಲಿ ಅವರೂ ಒಬ್ಬರು.

2024ರ ಆಗಸ್ಟ್ 1ರಂದು ಕ್ಯಾಲಿಫೋರ್ನಿಯಾದಲ್ಲಿ ಹೇಫ್ಲಿಕ್ ತೀರಿಕೊಂಡರು. 96 ವರ್ಷವಾಗಿತ್ತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್.